ಚಳಿಯಲ್ಲಿ ಈಯುವ ಕುರಿಗಳ ಆರೈಕೆ: 20 ಕುರಿಗಳ ಹಟ್ಟಿಗೆ

ಮುಂಗಾರಿನ ಹಸಿರು ಮೇಯ್ದು ಗಬ್ಬ ಕಟ್ಟಿದ ಕುರಿಗಳು ಉತ್ತರ ಕರ್ನಾಟಕದಲ್ಲಿ ಈಯುವುದು ನವೆಂಬರ್, ಡಿಸೆಂಬರಿನ ಚಳಿಯಲ್ಲಿ. ಬೀದರ್, ವಿಜಯಪುರದ ಕಡೆ ಬೆಳಗಿನ ಜಾವ ಮೈ ಕೊರೆಯುವ ಹೊತ್ತಿಗೆ ಎರಡೂವರೆ ಕಿಲೋ ತೂಕದ ಒದ್ದೆ ಮರಿ ನೆಲಕ್ಕೆ ಬೀಳುತ್ತದೆ. ಅದು ಉಳಿಯುತ್ತದೋ ಇಲ್ಲವೋ ಎಂಬುದು ಬಹುಪಾಲು ಅದಕ್ಕೂ ಆರು ವಾರ ಮೊದಲು ತಾಯಿಗೆ ಹಾಕಿದ ಮೇವಿನ ಮೇಲೆ ನಿಂತಿದೆ. ಹೊಟ್ಟೆಯಲ್ಲಿ ಮರಿ ಬೆಳೆಯುವುದರಲ್ಲಿ ಮೂರನೇ ಎರಡು ಪಾಲು ಆ ಕೊನೆಯ ಆರು ವಾರದಲ್ಲೇ ಆಗುತ್ತದೆ.

ಅದಕ್ಕೇ ಟಗರು ಹಾರಿದ ದಿನ ಗೊತ್ತಿರಬೇಕು. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿದರೆ ಹಾರಿದ ಕುರಿಯ ಬೆನ್ನಿನ ಮೇಲೆ ಗುರುತು ಬೀಳುತ್ತದೆ. ಮೂರು ದಿನಕ್ಕೊಮ್ಮೆ ಮತ್ತೆ ಬಳಿಯಿರಿ. ಗಬ್ಬದ ಅವಧಿ ಸುಮಾರು 150 ದಿನ. ಜೂನ್ 20ಕ್ಕೆ ಹಾರಿದ್ದು ನವೆಂಬರ್ 17ರ ಆಸುಪಾಸು ಈಯುತ್ತದೆ. ಅಂದರೆ ಅಕ್ಟೋಬರ್ 6ರಿಂದ ಕೈತಿಂಡಿ (ಕಾಳು, ಹಿಂಡಿ, ಬೂಸಾ ಕಲಸಿದ ತಿಂಡಿ) ಶುರುವಾಗಬೇಕು, ಅಕ್ಟೋಬರ್ 20ರ ಹೊತ್ತಿಗೆ ಕರುಳುಬೇನೆಯ ಲಸಿಕೆ ಬಿದ್ದಿರಬೇಕು. ಈ ಲಸಿಕೆಯ ರಕ್ಷಣೆ ಗಿಣ್ಣುಹಾಲಿನ ಮೂಲಕ ಮರಿಗೆ ದಾಟುತ್ತದೆ. ಈಯುವ ವಾರದಲ್ಲಿ ಹಾಕಿಸಿದರೆ ದಾಟುವಷ್ಟು ಹೊತ್ತೇ ಇರುವುದಿಲ್ಲ. ಸೂಜಿ ಹಾಕುವಾಗ ಕುರಿಯನ್ನು ಎತ್ತಿ ಕೆಡವಬೇಡಿ, ತುಂಬು ಗಬ್ಬದ್ದು ಕಂದು ಹಾಕಬಹುದು (ಗರ್ಭಪಾತವಾಗಬಹುದು).

ಹತ್ತು ಕಿಲೋ ಕೈತಿಂಡಿಗೆ ಮೆಕ್ಕೆಜೋಳದ ನುಚ್ಚು 4 ಕಿಲೋ, ಶೇಂಗಾ ಹಿಂಡಿ ಎರಡೂವರೆ ಕಿಲೋ, ಗೋಧಿ ಬೂಸಾ 3 ಕಿಲೋ 200 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಖನಿಜ ಮಿಶ್ರಣ ಕುರಿಗೆಂದೇ ಮಾಡಿದ್ದಾಗಿರಲಿ. ದನದ್ದರಲ್ಲಿ ತಾಮ್ರ ಹೆಚ್ಚು. ಕುರಿಯ ಯಕೃತ್ತಿನಲ್ಲಿ ಅದು ಕೂಡುತ್ತಾ ಹೋಗಿ ಒಂದು ದಿನ ವಿಷವಾಗುತ್ತದೆ. ಬೂಸು ಹಿಡಿದ ಹಿಂಡಿಯನ್ನು ಮುಲಾಜಿಲ್ಲದೆ ತಿಪ್ಪೆಗೆ ಹಾಕಿ. ಒಂದು ಕುರಿಗೆ ದಿನಕ್ಕೆ 100 ಗ್ರಾಂನಿಂದ ಶುರುಮಾಡಿ ಹತ್ತು ದಿನದಲ್ಲಿ 250 ಗ್ರಾಂಗೆ ಏರಿಸಿ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ಕುರಿ ಮಲಗಿಬಿಡುತ್ತದೆ. ಜೊತೆಗೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಹೊಟ್ಟೆ ತುಂಬ ಸಿಗಲಿ. ತಲೆಗೊಂದು ಅಡಿಯಂತೆ ಗೋದಲಿ ಇಲ್ಲದಿದ್ದರೆ ಗಟ್ಟಿ ಕುರಿಗಳೇ ತಿಂದು ಮುಗಿಸುತ್ತವೆ.

ಮೇವು ಸಾಲುತ್ತಿದೆಯೇ ಎಂದು ಕಣ್ಣಿನಿಂದ ತಿಳಿಯುವುದಿಲ್ಲ, ಉಣ್ಣೆ ಮೋಸ ಮಾಡುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನ ಮೇಲೆ ಬೆರಳೂರಿ ನೋಡಿ. ಎಲುಬು ಚೂಪಾಗಿ ಚುಚ್ಚಿದರೆ ಬಡಕಲು. ಒತ್ತಿದಾಗ ಮಾತ್ರ ಉರುಟಾಗಿ ಸಿಕ್ಕರೆ ಸರಿ. ಅವಳಿ ಹೊತ್ತ ಕುರಿ ಹಿಂಡಿನಿಂದ ಹಿಂದೆ ಉಳಿದು, ತಿಂಡಿಗೂ ಬಾರದೆ, ಕುರುಡಾದಂತೆ ನಿಂತರೆ ಮೈಯಲ್ಲಿ ಶಕ್ತಿ ಬತ್ತಿದೆ ಎಂದರ್ಥ. ನಾರಿ ಸುವರ್ಣದಂಥ ಅವಳಿ ತಳಿ ಸಾಕಿದವರು ಇದನ್ನು ದಿನವೂ ಗಮನಿಸಬೇಕು. ಬೆಲ್ಲದ ನೀರು ಕುಡಿಸಿ ಸುಮ್ಮನಾಗಬೇಡಿ, ಅದರ ಹೆಚ್ಚಿನ ಪಾಲು ಮೊದಲ ಹೊಟ್ಟೆಯಲ್ಲೇ ಹುಳಿತು ಹೋಗುತ್ತದೆ. ಅದೇ ದಿನ ಪಶುವೈದ್ಯರನ್ನು ಕರೆಯಿರಿ.

ಮೇಯಲು ಬಿಡುವುದು ಇಬ್ಬನಿ ಆರಿದ ಮೇಲೆ. ಒದ್ದೆ ಹುಲ್ಲಿನ ತುದಿಗೆ ಜಂತಿನ ಮರಿಹುಳು ಏರಿ ಕೂತಿರುತ್ತವೆ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದ್ದರೆ ಅತ್ತ ಹೊಡೆಯಲೇಬೇಡಿ, ಆ ಎಳೆ ಚಿಗುರಿನಲ್ಲಿ ವಿಷವಿರುತ್ತದೆ.

ಹಟ್ಟಿಯಲ್ಲಿ ಕುರಿಗೆ 10 ಚದರ ಅಡಿ, ಮರಿಯಿದ್ದ ತಾಯಿಗೆ 15. ಗಾಳಿ ಬೀಸುವ ಕಡೆ ನೆಲದಿಂದ ಮೂರಡಿ ಎತ್ತರದವರೆಗೆ ಗೋಣಿತಾಟು ಕಟ್ಟಿ, ಮೇಲೆ ತೆರೆದಿರಲಿ. ಚಳಿಯೆಂದು ಪೂರ್ತಿ ಮುಚ್ಚಿದರೆ ಉಚ್ಚೆಯ ಘಾಟಿಗೇ ಮರಿಗಳು ಕೆಮ್ಮು ಹಿಡಿದು ಸಾಯುತ್ತವೆ. ಮೊಣಕಾಲೂರಿ ಕೂತು ಮರಿಯ ಮೂಗಿನ ಎತ್ತರದಲ್ಲಿ ಉಸಿರೆಳೆದುಕೊಳ್ಳಿ: ಕಣ್ಣು ಉರಿದರೆ ಹಾಸು ಬದಲಿಸಬೇಕು.

ಬೇನೆ ಬಂದ ಕುರಿ ಮೂಲೆ ಹಿಡಿದು ಕಾಲಿನಿಂದ ನೆಲ ಕೆರೆಯುತ್ತದೆ. ನೀರುಚೀಲ ಒಡೆದ ಮೇಲೆ ಮುಕ್ಕಾಲು ತಾಸಿನಲ್ಲಿ ಮರಿ ಬರಬೇಕು. ಮೊದಲು ಎರಡು ಮುಂಗಾಲ ಗೊರಸು, ಅವುಗಳ ಮೇಲೆ ಒರಗಿದ ಮೂತಿ ಕಂಡರೆ ಕೈ ಹಾಕುವ ಕೆಲಸವಿಲ್ಲ. ಒಂದು ತಾಸು ತಿಣುಕಿದರೂ ಏನೂ ಕಾಣದಿದ್ದರೆ ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ನೋಡಿ. ತಲೆ ಬಂದು ಒಂದು ಕಾಲು ಹಿಂದುಳಿದಿದ್ದರೆ, ಬೇನೆ ಬಿಟ್ಟ ಹೊತ್ತಿನಲ್ಲಿ ತಲೆಯನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತನ್ನಿ. ಬರಿಗೊರಸು ಗರ್ಭಕೋಶ ಹರಿಯುತ್ತದೆ. ಎಳೆಯುವುದು ಬೇನೆ ಬಂದಾಗ ಮಾತ್ರ, ಕೆಳಮುಖವಾಗಿ. ಹಿಂಗಾಲೇ ಮೊದಲು ಬಂದರೆ ತಡಮಾಡದೆ ಹೊರತನ್ನಿ. ಹೊಕ್ಕುಳಬಳ್ಳಿ ಒತ್ತಿಹೋಗಿ ಮರಿ ಒಳಗೇ ಉಸಿರೆಳೆಯುತ್ತದೆ.

ಬಿದ್ದ ಮರಿಯ ಮೂಗು ಬಾಯಿ ಒರೆಸಿ ತಾಯಿಯ ಮುಂದಿಡಿ, ನೆಕ್ಕಲಿ. ನೆಕ್ಕಿದಷ್ಟೂ ಮೈ ಬಿಸಿಯೇರುತ್ತದೆ, ತಾಯಿಗೆ ವಾಸನೆಯ ಗುರುತೂ ಹತ್ತುತ್ತದೆ. ಹೊಕ್ಕುಳನ್ನು ಅಯೋಡಿನ್‌ನಲ್ಲಿ ಅದ್ದಿ, 12 ತಾಸಿಗೆ ಇನ್ನೊಮ್ಮೆ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆಯಿರುತ್ತದೆ, ಒಂದೆರಡು ಧಾರೆ ಹಿಂಡಿ ತೆಗೆಯಿರಿ. ಒಂದು ತಾಸಿನೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು: ಎರಡೂವರೆ ಕಿಲೋ ಮರಿಗೆ ಮೊದಲ ಸಲ 125 ಮಿಲಿ, ಮೊದಲ ದಿನಕ್ಕೆ ಒಟ್ಟು ಅರ್ಧ ಲೀಟರ್.

ಮರಿ ಜೋತುಬಿದ್ದಿದ್ದರೆ ಬಾಯಲ್ಲಿ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದು ಬೆರಳು ಚೀಪದಿದ್ದರೆ ಹಾಲು ಹೊಯ್ಯಬಾರದು, ಅದು ಪುಪ್ಪುಸಕ್ಕೆ ಇಳಿಯುತ್ತದೆ. ಮೊದಲು ಮೈ ಒರೆಸಿ, ಕಂಬಳಿಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಎರಡೂ ಪಕ್ಕ ಇಡಿ. ಬಾಯಿ ಬೆಚ್ಚಗಾಗಿ ಚೀಪತೊಡಗಿದ ಮೇಲೆ ಹಾಲು. ಹುಟ್ಟಿ ಐದು ತಾಸು ಕಳೆದು ಏನನ್ನೂ ಕುಡಿಯದ ಮರಿಯಾದರೆ ಬಿಸಿ ಮಾಡುವ ಮೊದಲೇ ಗ್ಲೂಕೋಸ್ ಸೂಜಿ ಬೇಕಾಗುತ್ತದೆ, ಅದು ವೈದ್ಯರ ಕೈಯ ಕೆಲಸ.

ತಾಯಿ ಮರಿಯನ್ನು ಎರಡು ದಿನ ನಾಲ್ಕಡಿ ಚೌಕದ ಗೂಡಿನಲ್ಲಿ ಬೇರೆ ಇಡಿ. ಕಸ (ಮಾಸು) ಸಾಮಾನ್ಯವಾಗಿ ಆರು ತಾಸಿನೊಳಗೆ ಬೀಳುತ್ತದೆ. 12 ತಾಸಾದರೂ ಬೀಳದಿದ್ದರೆ ಕೈಯಿಂದ ಎಳೆಯದೆ ವೈದ್ಯರಿಗೆ ತೋರಿಸಿ. ಬಿದ್ದ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರಿಗೂ ಹತ್ತುವ ರೋಗಗಳು ಅದರಲ್ಲಿರಬಹುದು. ನಾಯಿ ಎಳೆಯದಷ್ಟು ಆಳಕ್ಕೆ ತೋಡಿ, ಸುಣ್ಣ ಹಾಕಿ ಹೂಳಿ.