ಕೋಜನ್ ಘಟಕದ ಪವರ್ ಓಲಾಟವನ್ನು ಪಿಎಸ್‌ಎಸ್ (ಪವರ್ ಸಿಸ್ಟಮ್ ಸ್ಟೆಬಿಲೈಸರ್) ಮೂಲಕ ತಗ್ಗಿಸಿದ ಬಗೆ

ಜನರೇಟರುಗಳ ಎಕ್ಸೈಟೇಷನ್ (ರೋಟರಿನ ಫೀಲ್ಡಿಗೆ ಕರೆಂಟ್ ಕೊಡುವ ವ್ಯವಸ್ಥೆ) ಕೆಲಸ ಮಾಡುವ ನನ್ನನ್ನು ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರವರು ಕರೆಸಿದಾಗ, ಅವರ ಕೋಜನ್ (ಒಂದೇ ಇಂಧನದಿಂದ ಹಬೆ ಮತ್ತು ವಿದ್ಯುತ್ ಎರಡನ್ನೂ ಪಡೆಯುವ) ಘಟಕದ ಜನರೇಟರಿನ ಮೆಗಾವ್ಯಾಟ್ ರಾತ್ರಿ ಹೊತ್ತು ಮಾತ್ರ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಸಲ ಏರಿಳಿಯುತ್ತಿತ್ತು. ಘಟಕದ ಸಿಬ್ಬಂದಿ ಅದನ್ನು ಗವರ್ನರಿನ ಹಂಟಿಂಗ್ (ಸ್ಟೀಮ್ ನಿಯಂತ್ರಕ ಒಂದೆಡೆ ನಿಲ್ಲದೆ ಹಿಂದೆ ಮುಂದೆ ಓಲಾಡುವುದು) ಎಂದೇ ನಂಬಿದ್ದರು. ಹಸಿ ಬಗಾಸ್ (ಕಬ್ಬಿನ ಸಿಪ್ಪೆ) ಬಂದಾಗಲೆಲ್ಲ ಬಾಯ್ಲರಿನ ಒತ್ತಡ ಕುಸಿದು ಸ್ಟೀಮ್ ವಾಲ್ವ್ ಅಲುಗಾಡುವುದನ್ನು ನಿತ್ಯ ನೋಡುವವರಿಗೆ ಆ ಅನುಮಾನ ಬರುವುದು ಸಹಜ.

ಮೊದಲು ಲೋಡ್ ಲಿಮಿಟರ್ ಬಳಸಿ ವಾಲ್ವನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸಿದೆವು. ಓಲಾಟ ಹಾಗೆಯೇ ಮುಂದುವರಿಯಿತು. ಬಳಿಕ ಲೋಡ್ ಇಳಿಸಿ, ಜನರೇಟರಿನ ವೋಲ್ಟೇಜನ್ನು ತಾನಾಗಿ ಕಾಯುವ ಎವಿಆರ್ ಅನ್ನು ಕೆಲಕಾಲ ಮ್ಯಾನ್ಯುವಲ್‌ಗೆ ಹಾಕಿದಾಗ ಅದು ತಾನಾಗಿ ಕ್ಷೀಣಿಸಿತು. ಲೋಡ್ ಇಳಿಸಿದ್ದರಿಂದಲೂ ಹಾಗಾಗಿರಬಹುದೆಂದು ಅದೇ ಲೋಡಿನಲ್ಲಿ ಎವಿಆರ್ ಅನ್ನು ಮತ್ತೆ ಆಟೋಗೆ ತಂದು ನೋಡಿದೆವು, ಓಲಾಟ ಮರಳಿತು. ಅಂದರೆ ಕಾರಣ ಗವರ್ನರ್ ಅಲ್ಲ, ಎವಿಆರ್.

ರಾತ್ರಿ ಪಂಪ್‌ಸೆಟ್ ಫೀಡರುಗಳು ನಿಂತಾಗ 110 ಕೆವಿ ಲೈನಿನ ವೋಲ್ಟೇಜ್ ಏರಿ, ಜನರೇಟರ್ ಲೀಡಿಂಗ್ ಪವರ್ ಫ್ಯಾಕ್ಟರಿಗೆ (ಗ್ರಿಡ್‌ನಿಂದ ರಿಯಾಕ್ಟಿವ್ ಪವರ್ ಹೀರುವ ಸ್ಥಿತಿಗೆ) ಸರಿಯುತ್ತಿತ್ತು. ಫೀಲ್ಡ್ ದುರ್ಬಲವಾಗಿ ರೋಟರಿನ ಕೋನ ಹಿಗ್ಗಿದಾಗ, ಉದ್ದ ಲೈನಿನ ತುದಿಯಲ್ಲಿರುವ ಯಂತ್ರದಲ್ಲಿ ಹೆಚ್ಚು ಗೇನ್ ಇರುವ (ಸಣ್ಣ ವ್ಯತ್ಯಾಸಕ್ಕೂ ಜೋರಾಗಿ ಪ್ರತಿಕ್ರಿಯಿಸುವ) ಎವಿಆರ್ ರೋಟರನ್ನು ಗ್ರಿಡ್ ಜೊತೆ ಹಿಡಿದಿಡುವ ಬಲವನ್ನು ಹೆಚ್ಚಿಸಿದರೂ ಓಲಾಟ ತಗ್ಗಿಸುವ ಬಲವನ್ನು ಕಸಿಯುತ್ತದೆ ಎಂಬುದನ್ನು ಎಂಜಿನಿಯರುಗಳಾದ ಡಿ ಮೆಲ್ಲೊ ಮತ್ತು ಕಾನ್ಕಾರ್ಡಿಯಾ 1969ರಲ್ಲೇ ವಿವರಿಸಿದ್ದರು. ಗೇನ್ ಇಳಿಸಿಬಿಡಿ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ, ಲೈನಿನಲ್ಲಿ ಫಾಲ್ಟ್ ಆದಾಗ ಯಂತ್ರವನ್ನು ಸಿಂಕ್ರೊನಿಸಂನಲ್ಲಿ (ಗ್ರಿಡ್ ಜೊತೆ ಒಂದೇ ಲಯದಲ್ಲಿ) ಉಳಿಸುವುದು ಆ ಗೇನೇ.

ಗೇನ್ ಇಳಿಸದೆ ಓಲಾಟ ತಗ್ಗಿಸುವ ದಾರಿ ಪಿಎಸ್‌ಎಸ್, ಅಂದರೆ ಓಲಾಟಕ್ಕೆ ಎದುರಾಗಿ ಎವಿಆರ್‌ಗೆ ಸಂಕೇತ ಕೊಡುವ ವ್ಯವಸ್ಥೆ. 100 ಮೆಗಾವ್ಯಾಟ್ ಮತ್ತು ಮೇಲ್ಪಟ್ಟ ಘಟಕಗಳಿಗೆ ಅದು ಕಡ್ಡಾಯ. ಇಷ್ಟು ಚಿಕ್ಕ ಘಟಕಕ್ಕೆ ಅಲ್ಲ. ಆದರೂ ಈ ಡಿಜಿಟಲ್ ಎವಿಆರ್‌ನಲ್ಲಿ ಆ ಸೌಲಭ್ಯ ಇತ್ತು, ಯಾರೂ ಚಾಲೂ ಮಾಡಿರಲಿಲ್ಲ. ಕೇವಲ ಪವರ್ ಸಂಕೇತವನ್ನು ಆಧರಿಸಿದ ಪಿಎಸ್‌ಎಸ್, ಸ್ಟೀಮ್ ಏರಿಳಿದಾಗಲೂ ಅದನ್ನು ಓಲಾಟವೆಂದು ಭ್ರಮಿಸಿ ವೋಲ್ಟೇಜನ್ನು ಕೆಡಿಸುತ್ತದೆ. ಕಬ್ಬಿನ ಕಾರ್ಖಾನೆಯಲ್ಲಿ ಅದು ದಿನವಿಡೀ ನಡೆಯುವ ಸಂಗತಿಯಾದ್ದರಿಂದ, ವೇಗ ಮತ್ತು ಪವರ್ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಮಾದರಿಯನ್ನೇ ಆಯ್ದುಕೊಂಡೆ.

ಟ್ಯೂನಿಂಗ್‌ನಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಫೇಸ್ ಹೊಂದಾಣಿಕೆ. ಬ್ರಷ್‌ಲೆಸ್ ಎಕ್ಸೈಟರಿಗೆ (ರೋಟರಿನ ಜೊತೆ ತಿರುಗುತ್ತ ಫೀಲ್ಡಿಗೆ ಕರೆಂಟ್ ಕೊಡುವ ಚಿಕ್ಕ ಜನರೇಟರಿಗೆ) ತನ್ನದೇ ವಿಳಂಬ ಇರುವುದರಿಂದ, ಎವಿಆರ್ ರೆಫರೆನ್ಸಿಗೆ (ಅದರ ಗುರಿ ವೋಲ್ಟೇಜಿಗೆ) ಬೇರೆ ಬೇರೆ ಆವರ್ತನದ ಸಣ್ಣ ಸಂಕೇತ ಕೊಟ್ಟು, ಟರ್ಮಿನಲ್ ವೋಲ್ಟೇಜ್ ಎಷ್ಟು ಡಿಗ್ರಿ ಹಿಂದುಳಿಯುತ್ತದೆ ಎಂದು ಅಳೆದೆವು. ಪಿಎಸ್‌ಎಸ್ ಸಂಕೇತದ ಫೇಸನ್ನು ಮುಂದಕ್ಕೆ ಸರಿಸುವ ಎರಡು ಲೀಡ್-ಲ್ಯಾಗ್ ಹಂತಗಳಿಂದ ಆ ಹಿನ್ನಡೆಯನ್ನು ತುಂಬಿಸುವಾಗ ಕೆಲವು ಡಿಗ್ರಿಗಳನ್ನು ಬೇಕೆಂದೇ ಬಾಕಿ ಬಿಟ್ಟೆ. ಅತಿಯಾಗಿ ತುಂಬಿಸಿದರೆ ಸಿಂಕ್ರೊನೈಸಿಂಗ್ ಬಲಕ್ಕೇ ಪೆಟ್ಟು. ನಂತರ ಪಿಎಸ್‌ಎಸ್‌ನ ಗೇನನ್ನು ಮೆಲ್ಲಗೆ ಏರಿಸುತ್ತ, ಎಕ್ಸೈಟರಿನ ಫೀಲ್ಡ್ ವೋಲ್ಟೇಜ್ ನಡುಗತೊಡಗಿದ ಮಟ್ಟವನ್ನು ಗುರುತಿಸಿ, ಅದರ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿದೆ. ರೆಫರೆನ್ಸಿಗೆ 2 ಶೇಕಡಾ ಸ್ಟೆಪ್ ಕೊಟ್ಟು ನೋಡಿದಾಗ, ಮೊದಲು ಬಹಳ ಹೊತ್ತು ಉಳಿಯುತ್ತಿದ್ದ ಓಲಾಟ ಈಗ ಎರಡು ಮೂರು ಅಲೆಗಳಲ್ಲಿ ಅಡಗಿತು. ಲೀಡಿಂಗ್ ಸ್ಥಿತಿಯಲ್ಲಿ ಇದೇ ಪರೀಕ್ಷೆ ಮಾಡಲು ರಾತ್ರಿಯವರೆಗೆ ಕಾಯಬೇಕಾಯಿತು. ಹಗಲಿನ ಫಲಿತಾಂಶವನ್ನಷ್ಟೇ ನಂಬಿ ಹೊರಡುವವರ ಕೆಲಸ ನನಗೆ ಸೇರುವುದಿಲ್ಲ.

ಪಿಎಸ್‌ಎಸ್ ಔಟ್‌ಪುಟ್ಟಿಗೆ 5 ಶೇಕಡಾ ಮಿತಿ ಹಾಕಿ, ಗ್ರಿಡ್ ಬ್ರೇಕರ್ ತೆರೆದು ಕಾರ್ಖಾನೆ ಐಲ್ಯಾಂಡ್ ಆದ (ಗ್ರಿಡ್‌ನಿಂದ ಬೇರ್ಪಟ್ಟು ತನ್ನ ಜನರೇಟರಿನ ಮೇಲೇ ನಡೆಯತೊಡಗಿದ) ಕೂಡಲೇ ಅದು ಸ್ಥಗಿತಗೊಳ್ಳುವಂತೆ ಬ್ರೇಕರಿನ ಸಂಪರ್ಕವನ್ನು ಎವಿಆರ್‌ಗೆ ಜೋಡಿಸಿದೆವು.