ಹೆಸರು ಬರೆಯಬೇಡಿ ಅಂದ ಮೇಲೆ ಮಕ್ಕಳು ಬರೆದದ್ದು

ನಾನು ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರು. ವರ್ಷಕ್ಕೊಮ್ಮೆ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಆಗುತ್ತದೆ, ಗೊತ್ತಲ್ವಾ? ಮಕ್ಕಳೇ ತಮ್ಮ ತೊಂದರೆ, ಬೇಡಿಕೆ ಹೇಳೋ ಸಭೆ. ಅದಕ್ಕೆ ಮಕ್ಕಳನ್ನು ತಯಾರು ಮಾಡೋದು ನನ್ನ ಪಾಲಿಗೆ ಬಂತು.

ಮೊದಲ ವರ್ಷ ಏಳನೇ ಕ್ಲಾಸಿನವರನ್ನು ಕೂರಿಸಿ "ಶಾಲೆಗೆ ಏನು ಬೇಕು?" ಎಂದು ಕೇಳಿದೆ. ಕಾಂಪೌಂಡ್, ಕಂಪ್ಯೂಟರ್, ಆಟದ ಮೈದಾನ. ಎಲ್ಲರದ್ದೂ ಅದೇ ಉತ್ತರ, ಗೈಡ್ ನೋಡಿ ಬರೆದ ಹಾಗೆ. ನಾನು ಪರೀಕ್ಷೆಯ ಥರ ಕೇಳಿದ್ದೆ, ಅವರು ಮಾರ್ಕ್ಸ್ ಬರೋ ಥರ ಹೇಳಿದರು.

ಮರುವರ್ಷ ಬಿಳಿ ಹಾಳೆ ಕೊಟ್ಟು, ಮನೆಯಿಂದ ಶಾಲೆಯವರೆಗಿನ ದಾರಿ ಬಿಡಿಸಿ, ಭಯ ಆಗೋ ಜಾಗಕ್ಕೆ ಕೆಂಪು ಹಚ್ಚಿ, ಹೆಸರು ಬೇಡ ಎಂದೆ. ಹುಡುಗಿಯರನ್ನು ಮೇಡಂ ಬೇರೆ ಕೂರಿಸಿಕೊಂಡರು. ಕಾಗುಣಿತ ತಿದ್ದಲು ಕೈ ತುರಿಸಿತು, ತಡೆದುಕೊಂಡೆ.

ಕದ್ದುಮುಚ್ಚಿ ಎಣ್ಣೆ (ಮದ್ಯ) ಮಾರುವ ಪೆಟ್ಟಿಗೆ ಅಂಗಡಿಗೆ ಹನ್ನೊಂದು ಹಾಳೆಯಲ್ಲಿ ಕೆಂಪು. ಶೌಚಾಲಯದಲ್ಲಿ ನೀರಿಲ್ಲ, ಅದಕ್ಕೇ ತಿಂಗಳಲ್ಲಿ ಮೂರ್ನಾಲ್ಕು ದಿನ ಶಾಲೆಗೆ ಬರಲ್ಲ ಎಂದು ಒಬ್ಬಳು ಬರೆದಿದ್ದಳು. ಹಾಜರಿ ಪುಸ್ತಕದಲ್ಲಿ ಆ ದಿನಗಳಿಗೆ 'ಗೈರು' ಹಾಕಿದವನು ನಾನೇ. ಇನ್ನೊಂದರಲ್ಲಿ, "ಎರಡನೇ ಸಲ ಕೇಳಿದ್ರೆ ಸರ್ ಬೈತಾರೆ." ಅದೂ ನನಗೇ.

"ಊರಲ್ಲಿ ನಿಮ್ಮ ಕೆಲಸ ಏನು?" ಎಂದೂ ಕೇಳಿದ್ದೆ. ಚೆನ್ನಾಗಿ ಓದೋದು ಅಂತಾರೆ ಅಂದುಕೊಂಡಿದ್ದೆ. ಅಜ್ಜಿಗೆ ಪಿಂಚಣಿ ಬಂತಾ ಎಂದು ಮೊಬೈಲ್ ಮೆಸೇಜ್ ಓದೋದು, ಅಮ್ಮನ ಸಂಘದ ಪುಸ್ತಕದ ಲೆಕ್ಕ ನೋಡೋದು, ಅಪ್ಪನ ಜೊತೆ ಬ್ಯಾಂಕಿಗೆ ಹೋಗಿ ಚಲನ್ ತುಂಬೋದು, ತಮ್ಮನನ್ನು ಅಂಗನವಾಡಿಗೆ ಬಿಡೋದು ಎಂದು ಬರೆದಿದ್ದರು. ಅರ್ಧ ಊರಿನ ಕಾಗದಪತ್ರ ಈ ಮಕ್ಕಳ ಕೈಲೇ ನಡೀತಿದೆ!

ಸಭೆಯಲ್ಲಿ ದೊಡ್ಡವರ ಭಾಷಣಕ್ಕೇ ಮುಕ್ಕಾಲು ಗಂಟೆ ಹೋಯಿತು. ಸದಸ್ಯರೊಬ್ಬರು "ಮಕ್ಳಿಗೇನ್ ಗೊತ್ತಾಗುತ್ತೆ ಬಿಡಿ ಮೇಷ್ಟ್ರೇ" ಎಂದರು. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತು ಕೇಳಬೇಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಲ್ಲಿದೆ, ಭಾರತ ಅದನ್ನು 1992ರಲ್ಲೇ ಒಪ್ಪಿದೆ ಎಂದು ಹೇಳಿದೆ. ಯಾರೂ ಅಷ್ಟೇನು ಕಿವಿಗೊಡಲಿಲ್ಲ. ಅಷ್ಟರಲ್ಲಿ ನಮ್ಮ ಹುಡುಗಿಯೊಬ್ಬಳು ಎದ್ದು "ಹೋದ ವರ್ಷ ನಾವು ಕೇಳಿದ್ದು ಏನಾಯ್ತು ಅಂತ ಓದಿ ಸರ್" ಎಂದಳು. ಪಂಚಾಯ್ತಿ ಅಧಿಕಾರಿ (ಪಿಡಿಒ) ಫೈಲ್ ಹುಡುಕತೊಡಗಿದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಸತ್ಯವಾಗಿ.

ಜನವರಿಯಲ್ಲಿ ಶೌಚಾಲಯಕ್ಕೆ ನೀರಿನ ಪೈಪ್ ಬಂತು. ಎಣ್ಣೆ ಅಂಗಡಿ ಹಾಗೇ ಇದೆ. ಸಭೆಯಲ್ಲಿ ಎದ್ದು ಕೇಳಿದ ಹುಡುಗಿ ಈಗ ಹೈಸ್ಕೂಲಿಗೆ ಹೋಗಿದ್ದಾಳೆ. ಹೋಗುವಾಗ, ಯಾರು ಯಾವತ್ತು ಏನು ಒಪ್ಪಿಕೊಂಡರು ಎಂದು ಬರೆದಿಟ್ಟ ನೋಟ್‌ಬುಕ್ಕನ್ನು ಆರನೇ ಕ್ಲಾಸಿನವನೊಬ್ಬನಿಗೆ ಕೊಟ್ಟು ಹೋದಳು.