ಕೆಟ್ಟ ಮೆಸೇಜನ್ನು ನಾವೇ ಮೊದಲು ಹಾಕಿದೆವು: ಆಫೀಸ್ ಕಿರುಕುಳದ ಕೇಸಿನಲ್ಲಿ ನಿರೀಕ್ಷಣಾ ಜಾಮೀನು

ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 108, ಅಂದರೆ ಆತ್ಮಹತ್ಯೆಗೆ ಪ್ರಚೋದನೆಯ ಕೇಸಿನಲ್ಲಿ ಮ್ಯಾನೇಜರ್ ಪರ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಕೇಳುವ ಜಾಮೀನು) ಹಾಕುವಾಗ ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ. ನಾಲ್ಕೈದು ಪುಟದ ಅರ್ಜಿ. ಅರ್ಜಿದಾರರು ನಿರಪರಾಧಿ, ದೂರು ಸುಳ್ಳು, ಕಾಯಂ ವಿಳಾಸ ಇದೆ, ಓಡಿಹೋಗುವವರಲ್ಲ. ಹಿಂದೆ ಹತ್ತು ತೀರ್ಪಿನ ಕಟ್ಟು. ನಾನೂ ಇದನ್ನೇ ಮಾಡಿ ಎರಡು ಕೇಸು ಸೋತಿದ್ದೆ. ಮೂರನೆಯದರಲ್ಲಿ ಉಲ್ಟಾ ಹೋದೆ. ನಮಗೆ ವಿರುದ್ಧವಾಗಿದ್ದ ವಾಯ್ಸ್ ಮೆಸೇಜನ್ನು ಅರ್ಜಿಯ ಮೊದಲ ದಾಖಲೆಯಾಗಿ ನಾನೇ ಹಾಕಿದೆ. ಬಾರ್ ರೂಮಿನಲ್ಲಿ ನಕ್ಕವರು ಜಾಸ್ತಿ. ಜಾಮೀನು ಮಾತ್ರ ಸಿಕ್ಕಿತು. ಕಕ್ಷಿದಾರರ ಗುರುತು ಸಿಗಬಾರದು ಅಂತ ಊರು, ಕಂಪನಿ, ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಆ ಎರಡರಲ್ಲೂ ಸಂಜು ಸೆಂಗರ್ (2002), ಛೀನಾ (2010), ಮದನ್ ಮೋಹನ್ ಸಿಂಗ್ (2010), ವೈಜನಾಥ ಖಂಡ್ಕೆ (2018), ಹೀಗೆ ಆತ್ಮಹತ್ಯೆ ಪ್ರಚೋದನೆ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪುಗಳನ್ನೆಲ್ಲ ಓದಿ ಹೇಳಿದ್ದೆ. ಮದನ್ ಮೋಹನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಡೆತ್ ನೋಟ್ ಓದಿ, ಇದು ಇಲಾಖೆಗೆ ಬರೆದ ದೂರಿನಂತಿದೆ ಅಂದಿದೆ. ಖಂಡ್ಕೆಯಲ್ಲಿ ಕೆಲಸ ಜಾಸ್ತಿ ಹೇರಿದ್ದಷ್ಟರಿಂದಲೇ ಪ್ರಚೋದನೆ ಆಗುವುದಿಲ್ಲ ಅಂದಿದೆ. ಇನ್ನೇನು ಬೇಕು ಅಂದುಕೊಂಡು ಕೂತೆ. ಪಿಪಿ (ಸರ್ಕಾರಿ ವಕೀಲರು) ಎದ್ದು ಹೇಳಿದ್ದು ಎರಡೇ ಮಾತು. ಇವೆಲ್ಲ ಕೇಸ್ ರದ್ದತಿ ಮತ್ತು ಚಾರ್ಜ್ ಹಂತದ ತೀರ್ಪುಗಳು. ಇಲ್ಲಿ ತನಿಖೆ ಈಗಷ್ಟೇ ಶುರುವಾಗಿದೆ, ಆರೋಪಿಯ ಫೋನ್ ಸಿಗಬೇಕು. ಅರ್ಜಿ ವಜಾ. ಒಬ್ಬರು ಒಳಗೆ ಹೋಗಿ ಚಾರ್ಜ್‌ಶೀಟ್ ಆದ ಮೇಲೆ ರೆಗ್ಯುಲರ್ ಜಾಮೀನಿನಲ್ಲಿ ಹೊರಬಂದರು. ಅಷ್ಟೊತ್ತಿಗೆ ಕೆಲಸ ಹೋಗಿತ್ತು.

ಆ ಎರಡು ವಜಾ ಆದೇಶಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಕಾರಣ ಮೂರೇ. ತನಿಖೆ ಆರಂಭದ ಹಂತದಲ್ಲಿದೆ. ನೋಟ್‌ನಲ್ಲಿ ಹೆಸರಿದೆ. ಫೋನ್ ಜಪ್ತಿ ಆಗಬೇಕು. ಮೊದಲ ಎರಡನ್ನು ನಾವು ಏನೂ ಮಾಡಲು ಬರುವುದಿಲ್ಲ. ಮೂರನೆಯದು ನಮ್ಮ ಕಕ್ಷಿದಾರರ ಜೇಬಿನಲ್ಲೇ ಇದೆ, ಅಲ್ವಾ?

ಮೂರನೇ ಕೇಸು ಒಂದು ಖಾಸಗಿ ಫೈನಾನ್ಸ್ ಕಂಪನಿಯ ಶಾಖೆಯದು. ವಸೂಲಿ ವಿಭಾಗದ ಹುಡುಗ ತೀರಿಕೊಂಡಿದ್ದ. ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ಆಯಿತು. ನೋಟ್ ಸಿಕ್ಕ ಮೇಲೆ ತಂದೆ ದೂರು ಕೊಟ್ಟರು. 108, ಜೊತೆಗೆ 3(5), ಅಂದರೆ ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು ಅನ್ನುವ ಕಲಮು. ಮೂವರು ಆರೋಪಿಗಳು. ನನ್ನ ಹತ್ತಿರ ಬಂದವರು ಶಾಖಾ ಮ್ಯಾನೇಜರ್, ಒಂದನೇ ಆರೋಪಿ. ಅವರ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ವಕೀಲ್ರ, ನೋಟಿಸ್ ಕೊಟ್ಟು ಬಿಡೂದಿಲ್ಲೇನ್ರಿ?" ಇಲ್ಲ. ಸುಮ್ಮನೆ ಬಂಧಿಸಬೇಡಿ, ಮೊದಲು ನೋಟಿಸ್ ಕೊಡಿ ಅನ್ನುವ ಸುಪ್ರೀಂ ಕೋರ್ಟಿನ ಅರ್ನೇಶ್ ಕುಮಾರ್ ತೀರ್ಪಿನ ನೆರಳು ಏಳು ವರ್ಷದವರೆಗಿನ ಶಿಕ್ಷೆಯ ಕೇಸಿಗೆ. ಇದಕ್ಕೆ ಹತ್ತು ವರ್ಷದವರೆಗೂ ಇದೆ. ಜೂನಿಯರ್‌ಗಳು ಇದನ್ನು ಮರೆತು ಕಕ್ಷಿದಾರರಿಗೆ ಧೈರ್ಯ ಹೇಳಿಬಿಡುತ್ತಾರೆ. ಹಾಗೆಯೇ ಎಫ್‌ಐಆರ್‌ನಲ್ಲಿ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಸೇರಿದೆಯಾ ಅಂತ ನೋಡಿ. ಸೇರಿದ್ದರೆ ಅದರ ಸೆಕ್ಷನ್ 18 ನಿರೀಕ್ಷಣಾ ಜಾಮೀನಿಗೇ ಅಡ್ಡ ನಿಲ್ಲುತ್ತದೆ, ದಾರಿಯೇ ಬೇರೆ. ಇಲ್ಲಿ ಸೇರಿರಲಿಲ್ಲ.

ಫೋನಿನಲ್ಲಿ ಏನನ್ನೂ ಅಳಿಸಬೇಡಿ ಅಂತ ಮೊದಲೇ ಹೇಳಿದೆ. ಅಳಿಸಿದರೆ ಸಾಕ್ಷ್ಯ ನಾಶದ ಕಲಮು 238 ಬೇರೆ ಬಂದು ಕೂರುತ್ತದೆ. ಆಮೇಲೆ ಶಾಖೆಯ ವಾಟ್ಸಾಪ್ ಗ್ರೂಪು, ಮ್ಯಾನೇಜರ್ ಮತ್ತು ಹುಡುಗನ ನಡುವಿನ ಚಾಟು, ಎರಡನ್ನೂ ಎಕ್ಸ್‌ಪೋರ್ಟ್ ಮಾಡಿಸಿ ಪೂರ್ತಿ ಓದಿದೆ. ಸುಮಾರು ಎಂಟು ತಿಂಗಳಿನದು. ರಾತ್ರಿ ಹನ್ನೊಂದೂವರೆಗೆ "ಬೆಳಿಗ್ಗೆ ಏಳಕ್ಕೆ ಕಲೆಕ್ಷನ್ ಶೀಟ್ ಬರಬೇಕು" ಅನ್ನುವ ಮೆಸೇಜು ವಾರಕ್ಕೆ ಎರಡು ಮೂರು ಸಲ ಇತ್ತು. ದೂರಿನಲ್ಲಿ ಇದೇ ದೊಡ್ಡ ಆರೋಪ. ಗ್ರೂಪಿನಲ್ಲಿ ನೋಡಿದರೆ ಆ ಮೆಸೇಜಿನ ತಲೆಯ ಮೇಲೆ ಫಾರ್ವರ್ಡ್ ಗುರುತು ಇತ್ತು. ರೀಜನಲ್ ಆಫೀಸಿನಿಂದ ಬಂದದ್ದು ಹಾಗೇ ಹತ್ತು ಹದಿನೈದು ಜನರಿಗೂ ಹೋಗಿತ್ತು. ಇದು ನಮಗೆ ಬೇಕಾಗಿದ್ದು. ಆದರೆ ಖಾಸಗಿ ಚಾಟಿನಲ್ಲಿ ಒಂದು ವಾಯ್ಸ್ ಮೆಸೇಜ್ ಇತ್ತು. "ಆಗಂಗಿಲ್ಲಂದ್ರ ರಾಜೀನಾಮೆ ಬರದು ಕೊಟ್ಟು ಹೋಗು, ನನ್ನ ತಲಿ ತಿನ್ನಬ್ಯಾಡ." ದನಿ ಚೆನ್ನಾಗಿರಲಿಲ್ಲ. ಕೇಳಿದರೆ ಯಾರಿಗಾದರೂ ಬೇಜಾರಾಗುವಂಥದ್ದೇ.

ಇದನ್ನೇ ಅನುಬಂಧ ಎ ಮಾಡಿದೆ. ಅಕ್ಷರಕ್ಕೆ ಇಳಿಸಿ, ತಾರೀಕು, ಗಂಟೆ ಸಮೇತ. ನಮ್ಮ ಹಿರಿಯ ವಕೀಲರೊಬ್ಬರು ಕರಡು ನೋಡಿ, "ಏನೋ ತಮ್ಮಾ, ಪಿಪಿ ಕೆಲಸಾನೂ ನೀನ ಮಾಡ್ತೀಯೇನು?" ಅಂದರು. ಇನ್ನೊಬ್ಬರು ಸಂವಿಧಾನದ 20(3) ನೆನಪಿಸಿದರು. ತನ್ನ ವಿರುದ್ಧ ತಾನೇ ಸಾಕ್ಷಿ ಕೊಡಬೇಕಾಗಿಲ್ಲ, ಸುಮ್ನೆ ಯಾಕೆ ಕೊಡ್ತೀಯ ಅಂತ. ಸರಿಯಾದ ಮಾತೇ. ಆದರೆ ಹುಡುಗನ ಫೋನು ಆಗಲೇ ಪೊಲೀಸರ ಹತ್ತಿರ ಇತ್ತು. ಆ ಮೆಸೇಜ್ ಅದರಲ್ಲೂ ಇದೆ. ಅದು ತಕರಾರಿನಲ್ಲಿ ಪಿಪಿ ಬಾಯಿಂದ ಬಂದರೆ ನಾವು ಮುಚ್ಚಿಟ್ಟಂತೆ. ನಮ್ಮ ಅರ್ಜಿಯಲ್ಲೇ ಇದ್ದರೆ ಅವರಿಗೆ ಹೊಸದಾಗಿ ಹೇಳಲು ಏನೂ ಉಳಿಯುವುದಿಲ್ಲ.

ಅದರ ಹಿಂದೆಯೇ ಒಂದೇ ಪುಟದ ತಾರೀಕು ಪಟ್ಟಿ. ಎಡಗಡೆ ದೂರಿನ ಪ್ಯಾರಾ ನಂಬರು, ನಡುವೆ ತಾರೀಕು, ಬಲಗಡೆ ಆಫೀಸಿನ ಕಾಗದ. ವಾಯ್ಸ್ ಮೆಸೇಜಿಗೂ ಸಾವಿಗೂ ನಡುವೆ ಮೂರು ವಾರಕ್ಕಿಂತ ಜಾಸ್ತಿ ಅಂತರ. ಆ ಮಧ್ಯೆ ಹುಡುಗ ರಜೆ ಕೇಳಿದ್ದಾನೆ, ಮ್ಯಾನೇಜರ್ ಅದೇ ದಿನ ಮಂಜೂರು ಮಾಡಿದ್ದಾರೆ. ಇನ್ಸೆಂಟಿವ್ ತಡೆದದ್ದು ಹೆಡ್ ಆಫೀಸಿನ ಇಮೇಲ್, ಇವರದಲ್ಲ. ಪಟ್ಟಿಯಲ್ಲಿ ವಾದ ಇಲ್ಲ, ವಿಶೇಷಣ ಇಲ್ಲ. ಜಡ್ಜ್ ಸಾಹೇಬರು ಎರಡು ನಿಮಿಷದಲ್ಲಿ ಓದುವಂತಿರಬೇಕು, ಅಷ್ಟೇ.

ಸತ್ತವರ ಬಗ್ಗೆ ಒಂದು ಅಡ್ಡ ಮಾತೂ ಬರೆಯಲಿಲ್ಲ. ಕೈಸಾಲ ಇತ್ತಂತೆ, ಮನೆಯಲ್ಲಿ ಜಗಳವಂತೆ ಅಂತ ಕಕ್ಷಿದಾರರ ಕಡೆಯವರು ಹೇಳುತ್ತಲೇ ಇದ್ದರು. ಕಾಗದ ಇಲ್ಲದ ಮಾತು ಬೇಡ ಅಂದೆ. ಮಗನನ್ನು ಕಳೆದುಕೊಂಡ ತಂದೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಅವರ ಮುಂದೆ ಅಂಥ ವಾದ ಮಾಡುವುದು ತಪ್ಪು, ಮಾಡಿದರೆ ಕೇಸಿಗೂ ಲಾಭವಿಲ್ಲ.

ಇಲ್ಲಿ ಒಂದು ಅಡ್ಡ ಪ್ರಯೋಗ. ಹೊಸ ಸಾಕ್ಷ್ಯ ಕಾಯ್ದೆಯ 63(4)ರ, ಅಂದರೆ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರವನ್ನು ಜಾಮೀನು ಹಂತದಲ್ಲಿ ಯಾರೂ ಕೇಳುವುದಿಲ್ಲ. ನಾನು ಹಾಕಿದೆ. ಚಾಟಿನ ಫೈಲಿಗೆ ಎಸ್‌ಎಚ್‌ಎ 256 ಹ್ಯಾಶ್ (ಫೈಲು ಬದಲಾಗಿದೆಯಾ ಅಂತ ತಾಳೆ ನೋಡುವ ಸಂಕೇತ) ತೆಗೆದು ಪ್ರಮಾಣಪತ್ರದ ಭಾಗ ಎ ನಾವೇ ತುಂಬಿದೆವು. ಭಾಗ ಬಿಗೆ ತಜ್ಞರು ಬೇಕು. ಒಬ್ಬರು ಇಪ್ಪತ್ತೈದು ಸಾವಿರ ಕೇಳಿದರು. ಚೌಕಾಸಿ ಮಾಡಿ ಹದಿನೈದರ ಹತ್ತಿರ ಮುಗಿಸಿದೆ. ಕೋರ್ಟಿನಲ್ಲಿ ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ದುಡ್ಡು ದಂಡವಾಯಿತಾ ಅಂದರೆ ಇಲ್ಲ ಅನ್ನುತ್ತೇನೆ. ನಾಳೆ ಫೋನ್ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ನಿಂದ ಬಂದಾಗ ತಾಳೆ ನೋಡಲು ನಮ್ಮ ಹತ್ತಿರ ಒಂದು ಆಧಾರ ಇದೆ. ಒಬ್ಬ ಮನೋವೈದ್ಯರ ಅಭಿಪ್ರಾಯ ತರಿಸುವ ಯತ್ನವೂ ನಡೆಯಿತು. ನೋಡದ ವ್ಯಕ್ತಿಯ ಬಗ್ಗೆ ಬರೆದುಕೊಡುವುದಿಲ್ಲ ಅಂದರು. ಸರಿಯೇ.

ನಿಜವಾದ ತಲೆನೋವು ಕಂಪನಿಯದು. ಅವರ ವಕೀಲರು ಮೂವರಿಗೂ ಸೇರಿ ಒಂದೇ ಅರ್ಜಿ ಹಾಕೋಣ, ಫೀ ನಾವೇ ಕೊಡುತ್ತೇವೆ ಅಂದರು. ಒಂದೂವರೆ ಲಕ್ಷದ ಆಸುಪಾಸು. ಬೇಡ ಅಂದೆ. ರಾತ್ರಿ ಮೆಸೇಜು ಮೇಲಿನಿಂದ ಬಂದದ್ದು ಅಂತ ನಾನು ಹೇಳಬೇಕು, ಮೇಲಿನವರೇ ಫೀ ಕೊಟ್ಟರೆ ಹೇಗೆ ಹೇಳಲಿ? ಕಕ್ಷಿದಾರರು ಬಂಗಾರ ಅಡವಿಟ್ಟು ಎಂಬತ್ತು ಸಾವಿರದಷ್ಟು ಹೊಂದಿಸಿದರು. ಬೇರೆ ಹೋಗುತ್ತೇವೆ ಅಂದ ಕೂಡಲೇ ಎಚ್‌ಆರ್ ಹಾಜರಾತಿ ಮತ್ತು ರಜೆಯ ದಾಖಲೆ ಕೊಡುವುದನ್ನು ನಿಲ್ಲಿಸಿತು. ಪುಣ್ಯಕ್ಕೆ ರಜೆ ಮಂಜೂರಾದ ಇಮೇಲು ಮ್ಯಾನೇಜರ್ ಫೋನಿನಲ್ಲಿತ್ತು. ಮಿಕ್ಕ ಕಾಗದ ಹೇಗೆ ಸಿಕ್ಕಿತು ಅನ್ನುವುದು ನನ್ನ ಹತ್ತಿರವೇ ಇರಲಿ. ಕಾನೂನಿನ ಒಳಗೇ ಸಿಕ್ಕಿತು, ಅಷ್ಟು ಸಾಕು.

ಫೋನ್ ಒಪ್ಪಿಸಲು ಹೋದರೆ ಐಒ (ತನಿಖಾಧಿಕಾರಿ) ತೆಗೆದುಕೊಳ್ಳಲೇ ಇಲ್ಲ. ಆರೋಪಿಯೇ ಇಲ್ಲದೆ ಫೋನ್ ಹೇಗೆ ಜಪ್ತಿ ಮಾಡಲಿ ಅಂದರು. ಸೆಷನ್ಸ್‌ನಲ್ಲಿ ಸೀಲು ಮಾಡಿದ ಕವರಿನಲ್ಲಿ ಒಪ್ಪಿಸುತ್ತೇವೆ ಅಂತ ಮೆಮೋ ಹಾಕಿದೆ. ಅದನ್ನು ಕಡತದಲ್ಲಿ ಇಟ್ಟುಕೊಂಡರು, ಅರ್ಜಿ ವಜಾ ಮಾಡಿದರು. ಹೌದು, ಈ ಸಲವೂ ಸೆಷನ್ಸ್‌ನಲ್ಲಿ ವಜಾನೇ. ಹಿರಿಯರ ಮುಖದಲ್ಲಿ "ನಾ ಹೇಳಲಿಲ್ಲೇನು" ಅನ್ನುವ ನಗೆ. ಆದರೆ ಆದೇಶ ಓದಿ ನನಗೆ ಖುಷಿಯಾಯಿತು. ಮೊದಲ ಎರಡು ಕಾರಣ ಹಾಗೇ ಇದ್ದವು. ಮೂರನೆಯದು ಇರಲಿಲ್ಲ. ಆ ಮೇಲೆ ನಾನು ಬರೆದ ಒಂದು ಪತ್ರಕ್ಕೆ ಐಒ ಫೋನ್ ತೆಗೆದುಕೊಂಡು ಪಂಚನಾಮೆ ಮಾಡಿ ಸ್ವೀಕೃತಿಯನ್ನೂ ಕೊಟ್ಟರು. ಪತ್ರದಲ್ಲಿ ಏನಿತ್ತು ಅಂತ ಕೇಳಬೇಡಿ, ಅದು ನನ್ನ ಅನ್ನದ ದಾರಿ.

ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದೆವು. ಕನ್ನಡ ಕಾಗದಗಳ ಅನುವಾದ, ಟೈಪಿಂಗ್, ಜೆರಾಕ್ಸ್ ಸೇರಿ ಹನ್ನೆರಡು ಸಾವಿರ ಮುಟ್ಟಿತು. ಅದರಲ್ಲಿ ಚಾಟಿನ ಅನುವಾದವೇ ಮುಕ್ಕಾಲು. ಈ ಸಲ ತೀರ್ಪು ಎರಡೇ ಇಟ್ಟೆ. ಒಂದು ನಿಪುನ್ ಅನೇಜಾ, ಅಕ್ಟೋಬರ್ 2024. ಲಖನೌದ ಸೇಲ್ಸ್‌ಮನ್ ಒಬ್ಬರ ಸಾವಿನ ಕೇಸು. ಮನೆಯ, ಪ್ರೀತಿಯ ಸಂಬಂಧ ಬೇರೆ, ಆಫೀಸಿನ ಸಂಬಂಧ ಬೇರೆ, ಎರಡನ್ನೂ ಒಂದೇ ಅಳತೆಯಲ್ಲಿ ನೋಡಬೇಡಿ ಅಂತ ಅದರಲ್ಲಿದೆ. ಇನ್ನೊಂದು ಮಹೇಂದ್ರ ಅವಾಸೆ, ಜನವರಿ 2025. ಪೊಲೀಸರು ಆತ್ಮಹತ್ಯೆ ಪ್ರಚೋದನೆಯ ಕಲಮನ್ನು ಸಲೀಸಾಗಿ ಬಳಸುತ್ತಿದ್ದಾರೆ ಅಂದ ಭಾಗ ಮಾತ್ರ. ಅವೂ ರದ್ದತಿ ಮತ್ತು ಚಾರ್ಜ್ ಹಂತದ ತೀರ್ಪುಗಳೇ. ಆದರೆ ಈ ಸಲ ನನ್ನ ವಾದ ಅವುಗಳ ಮೇಲೆ ನಿಂತಿರಲಿಲ್ಲ.

ಎಚ್‌ಸಿಜಿಪಿ (ಹೈಕೋರ್ಟಿನ ಸರ್ಕಾರಿ ವಕೀಲರು) ಎದ್ದು ಫೋನ್ ಅಂದರು. ಸ್ವೀಕೃತಿ ತೋರಿಸಿದೆ. ವಾಯ್ಸ್ ಮೆಸೇಜ್ ಅಂದರು. ಅನುಬಂಧ ಎ ಅಂದೆ. ನ್ಯಾಯಮೂರ್ತಿಗಳು ತಾರೀಕು ಪಟ್ಟಿ ತಿರುವಿ, ಕಸ್ಟಡಿಯಲ್ಲಿ ಇಟ್ಟುಕೊಂಡು ಇನ್ನು ಕೇಳುವುದೇನಿದೆ ಅಂತ ಅವರನ್ನೇ ಕೇಳಿದರು. ವಾದ ಹತ್ತು ನಿಮಿಷವೂ ನಡೆಯಲಿಲ್ಲ. ಒಂದು ಲಕ್ಷದ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು, ನಿಗದಿತ ದಿನದೊಳಗೆ ಐಒ ಮುಂದೆ ಹಾಜರು, ತಿಂಗಳಿಗೊಮ್ಮೆ ಠಾಣೆಯಲ್ಲಿ ಸಹಿ, ಸಾಕ್ಷಿಗಳ ತಂಟೆಗೆ ಹೋಗಬಾರದು. ಜಾಮೀನುದಾರರನ್ನು ಹುಡುಕುವುದೇ ಹೈಕೋರ್ಟಿಗಿಂತ ಕಷ್ಟವಾಯಿತು. ಸಾವಿನ ಕೇಸು ಅಂದರೆ ಬಂಧುಗಳೂ ಪಹಣಿ ಕೊಡುವುದಿಲ್ಲ. ಕೊನೆಗೆ ಅವರ ಮಾವ ಮತ್ತು ಹಳೆಯ ಸಹೋದ್ಯೋಗಿಯೊಬ್ಬರು ನಿಂತರು.

ಎಲ್ಲ ಕೇಸಿಗೂ ಇದು ನಡೆಯುವುದಿಲ್ಲ. ಫೋನಿನಲ್ಲಿ ಕಳ್ಳತನದ ಸುಳ್ಳು ಆರೋಪ, ಮನೆಯವರ ಹೆಸರಿನಲ್ಲಿ ಬೆದರಿಕೆ, ನಾಲ್ಕು ಜನರ ಎದುರು ಮಾನ ಕಳೆದದ್ದು ಇದ್ದರೆ ಅನೇಜಾ ತೀರ್ಪೇ ನಿಮಗೆ ತಿರುಗುಬಾಣ. ಕಳೆದ ತಿಂಗಳು ಅಂಥದ್ದೊಂದು ಬಂತು. ಚಾಟ್ ಓದಿ ಫೈಲು ವಾಪಸ್ ಕೊಟ್ಟೆ. ಇನ್ನು ಲೈಂಗಿಕ ಕಿರುಕುಳದ ಆರೋಪ ಇರುವ ಕೇಸಿನಲ್ಲಿ ನಾನು ಈ ದಾರಿ ಪ್ರಯತ್ನಿಸಿಲ್ಲ.

ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 528ರ ಕೆಳಗೆ ಕೇಸಿನ ರದ್ದತಿ ಅರ್ಜಿ ಸಿದ್ಧವಾಗುತ್ತಿದೆ. ಎಫ್‌ಎಸ್‌ಎಲ್ ವರದಿ ಬರುವವರೆಗೆ ಹಾಕುವುದು ಬೇಡ ಅಂತ ನನ್ನ ಲೆಕ್ಕ. ಈಗಲೇ ಹಾಕಿ ಅಂತ ಕಕ್ಷಿದಾರರ ಒತ್ತಾಯ. ಫೀಯಲ್ಲಿ ಇಪ್ಪತ್ತು ಸಾವಿರ ಇನ್ನೂ ಬಾಕಿ ಇದೆ.